ಕೆಸರಲ್ಲಿ ಹೂತಿಟ್ಟು ತೆಗೆದರೂ ಎಕೆ-47 ಗುಂಡು ಹಾರಿಸುತ್ತದಂತೆ, ನಿಜಾನಾ?

ಮಲ್ನಾಡ್ ಹುಡುಗ: ಅಕ್ಕನ ಮನೆ ಗೃಹಪ್ರವೇಶದಲ್ಲಿ ಊಟ ಆದಮೇಲೆ ಭಾವನಿಗೂ ಅವರ ಗೆಳೆಯರಿಗೂ ದೊಡ್ಡ ವಾದ. ಎಕೆ-47 ಅನ್ನು ಗದ್ದೆ ಕೆಸರಲ್ಲಿ ಹೂತು, ವರ್ಷ ಬಿಟ್ಟು ತೆಗೆದರೂ ಜಾಮ್ ಆಗಲ್ಲ ಅಂತ ಭಾವ. ಇನ್ನೊಬ್ಬರದು ಇನ್ನೂ ಮಜಾ. ನಮ್ಮ ಸೇನೆಯ ಇನ್ಸಾಸ್ ರೈಫಲ್‌ನ 5.56 ಮಿ.ಮೀ. ಗುಂಡು ಕೊಲ್ಲುವುದಕ್ಕಲ್ಲ, ಗಾಯ ಮಾಡುವುದಕ್ಕೆ ಅಂತಲೇ ಮಾಡಿದ್ದಂತೆ. ಒಬ್ಬನಿಗೆ ಗಾಯವಾದರೆ ಹೊರಲು ಇಬ್ಬರು ಬೇಕು, ಒಟ್ಟು ಮೂವರು ಕಡಿಮೆ. ಲೆಕ್ಕ ಕೇಳೋಕೆ ಚೆನ್ನಾಗಿದೆ, ನಂಬೋಕೆ ಆಗ್ತಿಲ್ಲ. ಗೊತ್ತಿದ್ದವರು ಹೇಳಿ.

ಮಿಲ್ಟ್ರಿ ಮಾವ: ಎಕೆ, ಇನ್ಸಾಸ್ ಎರಡನ್ನೂ ಹಿಡಿದವನು ನಾನು. ಜಾಮ್ ಆಗದ ರೈಫಲ್ ಇದ್ದಿದ್ದರೆ ಕೋತ್‌ಗೆ (ಆಯುಧ ಇಡುವ ಕೋಣೆ) ವಾಪಸ್ ಕೊಡುವ ಮುಂಚೆ ನಳಿಕೆ ಒರೆಸುವ ಪುಲ್‌ಥ್ರೂ ಹಗ್ಗ, ಚಿಂದಿ, ಎಣ್ಣೆ ಹಿಡಿದುಕೊಂಡು ನಾವು ಯಾಕೆ ಕೂರುತ್ತಿದ್ದೆವು ತಮ್ಮಾ? ಎಕೆ ಗಟ್ಟಿ, ಅದು ಸುಳ್ಳಲ್ಲ. ಒಳಗೆ ಓಡಾಡುವ ಭಾಗಗಳ ಸುತ್ತ ಸ್ವಲ್ಪ ಜಾಗ ಬಿಟ್ಟಿದ್ದಾರೆ, ಪಿಸ್ಟನ್ ಭಾರ ಇದೆ, ತೋಟಾ ಮುಂದಕ್ಕೆ ಸಣ್ಣಗಾಗುತ್ತಾ ಹೋಗುವುದರಿಂದ ಚೇಂಬರ್‌ನಿಂದ (ತೋಟಾ ಕೂರುವ ಜಾಗ) ಸಲೀಸಾಗಿ ಕಿತ್ತು ಬರುತ್ತದೆ. ಮಸಿ, ಧೂಳು ಇದ್ದರೂ ತಳ್ಳಿಕೊಂಡು ಹೋಗುತ್ತದೆ. ಆದರೆ ಗುಂಡು ಹಾರಿಸಲು ಸೇಫ್ಟಿ ಕೆಳಗೆ ಒತ್ತಿದ ತಕ್ಷಣ ಕಾಕಿಂಗ್ ಹ್ಯಾಂಡಲ್ (ತೋಟಾ ಏರಿಸಲು ಎಳೆಯುವ ಹಿಡಿ) ಓಡಾಡುವ ಸೀಳು ಬಾಯಿ ಬಿಡುತ್ತದೆ. ಅಲ್ಲಿಂದ ದಪ್ಪ ಕೆಸರು ನುಗ್ಗಿತು ಅಂದರೆ ಎಕೆನೂ ಮುಷ್ಕರ ಹೂಡುತ್ತದೆ.

ಇನ್ನೊಂದು, ಜನ ಎಕೆ-47 ಅನ್ನುವುದರಲ್ಲಿ ಮುಕ್ಕಾಲು ಪಾಲು 1959ರಲ್ಲಿ ಬಂದ ಅದರ ಸುಧಾರಿತ ರೂಪ ಎಕೆಎಂ, ಇಲ್ಲ ಚೀನಾದ ಟೈಪ್ 56. ಎಕೆಎಂನ ಗುರಿ ನೋಡುವ ಸೈಟ್ ಮೇಲೆ 1000 ಮೀಟರ್ ತನಕ ಅಂಕಿ ಇದೆ. ಅಂಕಿ ಇದೆ ಅಂತ ಗುಂಡು ತಾಗಲ್ಲ. 300 ದಾಟಿದ ಮೇಲೆ ಗುಂಡು ಜೋರಾಗಿ ಇಳಿಯುತ್ತದೆ.

ತೋಟಾ_ಲೆಕ್ಕ: ಮಾವ ಹೇಳಿದ್ದು ಸರಿ. ಎಕೆ ಹೆಸರು ಇಷ್ಟು ಬೆಳೆಯೋಕೆ ವಿಯೆಟ್ನಾಂನಲ್ಲಿ ಅಮೆರಿಕದ ಎಂ16 ರೈಫಲ್ ಹೆಸರು ಕೆಟ್ಟಿದ್ದೂ ಒಂದು ಕಾರಣ. ತೋಟಾದ ಮದ್ದು ಬದಲಾಯಿಸಿದರು, ಚೇಂಬರ್‌ಗೆ ತುಕ್ಕು ತಡೆಯುವ ಕ್ರೋಮ್ ಲೇಪ ಹಾಕಲಿಲ್ಲ, ಇದನ್ನು ಕ್ಲೀನ್ ಮಾಡೋದೇ ಬೇಡ ಅನ್ನೋ ಮಾತು ಬೇರೆ ಹಬ್ಬಿಸಿ, ಎಷ್ಟೋ ಹುಡುಗರಿಗೆ ಕ್ಲೀನಿಂಗ್ ಕಿಟ್ ಕೂಡ ಕೊಡದೆ ಕಾಡಿಗೆ ಕಳಿಸಿದರು. 1967ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೇ ತನಿಖೆ ಮಾಡಿತು. ಕ್ರೋಮ್, ಕಿಟ್ ಬಂದ ಮೇಲೆ ಅದೇ ರೈಫಲ್ ಸುಧಾರಿಸಿತು.

5.56 ವಿಷಯ ಬರೀ ಭಾರದ್ದು. ಇನ್ಸಾಸ್‌ಗೂ ಮುಂಚಿನ ಎಸ್‌ಎಲ್‌ಆರ್ ರೈಫಲ್‌ನ 7.62 ಮಿ.ಮೀ. ತೋಟಾ ಒಂದಕ್ಕೆ ಸುಮಾರು 24 ಗ್ರಾಂ, ಇದು ಸುಮಾರು 12. ಅದೇ ಭಾರಕ್ಕೆ ಎರಡರಷ್ಟು ತೋಟಾ, ಹಿಂದಕ್ಕೆ ಒದೆಯುವುದೂ ಕಡಿಮೆ. ಎದುರಿಂದ ನನ್ನ ಮೇಲೆ ಗುಂಡು ಹಾರಿಸುತ್ತಿರುವವನು ಗಾಯವಾದ ತಕ್ಷಣ ನಿಲ್ಲಿಸುತ್ತಾನೆ ಅಂತ ಯಾವ ಸೇನೆ ನಂಬುತ್ತದೆ ಹೇಳಿ?

ಬೆಳಗಾವಿ ಬಾಬಾ: ಹಂಗಾದ್ರೆ ನಮ್ಮ ಸೇನೆ ಯಾಕೆ ಮತ್ತೆ 7.62ಗೆ ಹೋಯಿತು? 2019ರಲ್ಲಿ 72,400 ಸಿಗ್ 716 ರೈಫಲ್‌ಗೆ ಆರ್ಡರ್ ಕೊಟ್ಟರಲ್ಲ. ಸುಮ್ನೆ ಕೊಟ್ಟರಾ?

ಮಿಲ್ಟ್ರಿ ಮಾವ: ಸುಮ್ನೆ ಅಲ್ಲ ಬಾಬಾ. ಗುಂಡು ಬಿದ್ದರೂ ಉಗ್ರ ಅಲ್ಲೇ ಬೀಳದೆ ಎದ್ದು ಓಡುತ್ತಾನೆ ಅನ್ನುವ ದೂರು ಇತ್ತು, ಎದುರು ಗುಡ್ಡದ ತನಕ ಹೊಡೆತ ಬೇಕಿತ್ತು. ದೂರು ಇತ್ತು ಅಂದಮಾತ್ರಕ್ಕೆ ಗಾಯ ಮಾಡಲೆಂದೇ ಮಾಡಿದ ಗುಂಡು ಅಂತ ಆಗಲ್ಲ. ಇನ್ಸಾಸ್‌ಗೆ ಕಾರ್ಗಿಲ್‌ನಲ್ಲಿ ಕೆಟ್ಟ ಹೆಸರು ಬಂದಿದ್ದು ಚಳಿಗೆ ತೋಟಾ ತುಂಬುವ ಪ್ಲಾಸ್ಟಿಕ್ ಮ್ಯಾಗಜಿನ್ ಒಡೆಯುತ್ತಿದ್ದದ್ದರಿಂದ. ಅದಕ್ಕೂ ಗುಂಡಿನ ಅಳತೆಗೂ ಸಂಬಂಧವೇ ಇಲ್ಲ. ಆದರೆ ಹೆಸರು ಕೆಟ್ಟಿತು ಅಂದರೆ ಎಲ್ಲಾ ಒಂದೇ ಗಂಟಿಗೆ ಕಟ್ಟುತ್ತಾರೆ.

ಮಲ್ನಾಡ್ ಹುಡುಗ: ಥ್ಯಾಂಕ್ಸ್ ಮಾವ. ಇದನ್ನು ಭಾವನಿಗೆ ಓದಿಸಿದೆ. ಆ ಸೀಳಿನ ವಿಷಯ ಒಪ್ಪಿದರು. "ಸೇಫ್ಟಿ ಮೇಲೆತ್ತಿಯೇ ಹೂತರೆ?" ಅಂತ ಈಗ ಹೊಸ ಪ್ರಶ್ನೆ.