ನಿಂತುಹೋದ ರೇಸ್ ಸರ್ಕ್ಯೂಟಿನ ದಾರಿ ಹಿಡಿದು ಹೋದವರು ಯಾರಾದರೂ ಇದ್ದೀರಾ?

ಕೇಳಿದವರು: ಮೂರನೇಗೇರ್
ಫ್ರಾನ್ಸಿಗೆ ಹೋಗುವ ಅವಕಾಶ ಸಿಕ್ಕಿದೆ. ರೀಮ್ಸ್ ಪಕ್ಕದ ಗ್ಯೂ ಊರಿನ ಹಳೇ ಗ್ರ್ಯಾನ್ ಪ್ರಿ ಸರ್ಕ್ಯೂಟ್ ನೋಡಬೇಕು. ಬರೀ ಪ್ರೇಕ್ಷಕರ ಸ್ಟ್ಯಾಂಡ್ ಮುಂದೆ ಫೋಟೋ ತೆಗೆಸಿಕೊಂಡು ಬರೋದಲ್ಲ, ಪೂರ್ತಿ ಒಂದು ಸುತ್ತು ಹಾಕುವ ಆಸೆ. ಆದರೆ ಒಂದು ನಕ್ಷೆಯಲ್ಲಿ ದಾರಿ ಊರೊಳಗೆ ಹೋಗುತ್ತದೆ, ಇನ್ನೊಂದರಲ್ಲಿ ಊರಿನ ಹೊರಗೇ ತಿರುಗುತ್ತದೆ. ಯಾವುದು ಸರಿ? ಕೈಯಲ್ಲಿರುವುದು ಒಂದೇ ದಿನ.

ಹಳೇರಸ್ತೆ
ಎರಡೂ ಸರಿ. ಯಾವ ವರ್ಷದ ಸರ್ಕ್ಯೂಟ್ ಬೇಕು ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ, ರಸ್ತೆ ಆಮೇಲೆ.

1920ರ ದಶಕದಲ್ಲಿ ಶುರುವಾದಾಗ ಅದು ಮೂರು ಸಾಮಾನ್ಯ ರಸ್ತೆಗಳ ತ್ರಿಕೋನ, ಸುಮಾರು 7.8 ಕಿ.ಮೀ. ಸ್ಟ್ಯಾಂಡ್ ದಾಟಿ ನೇರ ಗ್ಯೂ ಊರೊಳಗೆ ನುಗ್ಗಿ, ಮನೆಗಳ ನಡುವೆ ಬಲಕ್ಕೆ ತಿರುಗಿ, ಲಾ ಗಾರೆನ್ ಹತ್ತಿರ ಎನ್31 ಹೆದ್ದಾರಿ ಸೇರಿ, ಟಿಲ್ವಾದಲ್ಲಿ ಮತ್ತೆ ಬಲಕ್ಕೆ ಹೊರಳಿ ವಾಪಸ್. 1952ರಲ್ಲಿ ಊರೊಳಗಿನ ದಾರಿ ಬಿಟ್ಟು ಹೊಸ ರಸ್ತೆ ಹಾಕಿದರು. ಮುಂದಿನ ವರ್ಷ ಅದನ್ನು ಇನ್ನೂ ಆಚೆಗೆ, ಮ್ವಿಜೋಂ ಕಡೆಗೆ ಎಳೆದರು. ಆಗ ಉದ್ದ 8.3 ಕಿ.ಮೀ. ಆಯಿತು. 1953ರಲ್ಲಿ ರೇಸ್ ಚಾಲಕ ಹಾಥಾರ್ನ್ ಇನ್ನೊಬ್ಬ ಚಾಲಕ ಫಾಂಜಿಯೋನನ್ನು ಒಂದೇ ಸೆಕೆಂಡಿನಿಂದ ಸೋಲಿಸಿದ್ದು ಈ ಹೊಸ ದಾರಿಯಲ್ಲಿ. ಆ ರೇಸ್ ತಲೆಯಲ್ಲಿಟ್ಟುಕೊಂಡು ಊರೊಳಗೆ ಸುತ್ತಿದರೆ ಏನೂ ಸಿಗಲ್ಲ. ನಾನು ಅದನ್ನೇ ಮಾಡಿದ್ದು! ಬೆಳಿಗ್ಗೆಯಿಡೀ ಊರೊಳಗಿನ ತಿರುವಿನಲ್ಲಿ ನಿಂತು 'ಫಾಂಜಿಯೋ ಇಲ್ಲಿ ಬ್ರೇಕ್ ಹಾಕಿದ್ದ' ಅಂತ ಪುಳಕಗೊಂಡಿದ್ದೆ. ಸಂಜೆ ಫೋನಿನ ಜಿಪಿಎಸ್ ದಾಖಲೆ ನೋಡಿದರೆ 8.3ರ ಹತ್ತಿರಕ್ಕೂ ಬಂದಿಲ್ಲ. ಆಗ ತಲೆಗೆ ಹೊಳೆಯಿತು.

ಅದಕ್ಕೇ ಹೇಳುವುದು, ಉದ್ದವನ್ನೇ ಪರೀಕ್ಷೆಗೆ ಇಟ್ಟುಕೊಳ್ಳಿ. ನೀವು ಗೆರೆ ಎಳೆದ ದಾರಿ ಆ ವರ್ಷದ ಅಳತೆಗೆ ಹೊಂದದಿದ್ದರೆ ಎಲ್ಲೋ ಒಂದು ತಿರುವು ತಪ್ಪಿದೆ.

ಪಿಟ್ (ರೇಸ್ ನಡುವೆ ಕಾರು ನಿಲ್ಲಿಸಿ ಸರಿಮಾಡುವ ಜಾಗ) ಮತ್ತು ಸ್ಟ್ಯಾಂಡ್ ರಸ್ತೆಯ ಆಚೆ ಈಚೆ ಎದುರುಬದುರು ನಿಂತಿವೆ. 2004ರಿಂದ ಆಸಕ್ತರ ಸಂಘವೊಂದು ಅವನ್ನು ಉಳಿಸಿಕೊಂಡು ಬಂದಿದೆ, ಗೋಡೆ ಮೇಲೆ ಹಳೇ ಜಾಹೀರಾತುಗಳನ್ನು ಮತ್ತೆ ಬರೆಸಿದ್ದಾರೆ. ಪಿಟ್ಟಿನ ಕಾಂಕ್ರೀಟ್ ಕಟ್ಟೆಗೆ ಒರಗಿ ಹತ್ತು ನಿಮಿಷ ನಿಲ್ಲಿ. ಎದುರಿಗೇ ರಸ್ತೆ, ಮಧ್ಯೆ ತಡೆ ಅಂತ ಏನೂ ಇಲ್ಲ. ಒಂದು ವ್ಯಾನ್ ಸಾಧಾರಣ ವೇಗದಲ್ಲಿ ಹೋದರೂ ಗಾಳಿ ಬಂದು ಅಂಗಿಗೆ ಬಡಿಯುತ್ತದೆ. ರೇಸ್ ಕಾರು ಹೋದಾಗ ಹೇಗಿದ್ದಿರಬೇಕು ಅಂತ ಲೆಕ್ಕ ಹಾಕಿಕೊಳ್ಳಿ.

ನಕ್ಷೆಹುಚ್ಚ
ಹೊರಡುವ ಮುಂಚೆ ಮನೆಯಲ್ಲೇ ಕೂತು ಮಾಡುವ ಕೆಲಸ ಜಾಸ್ತಿ ಇದೆ. ಫ್ರಾನ್ಸಿನ ಸರ್ಕಾರಿ ನಕ್ಷೆ ಸಂಸ್ಥೆ ಐಜಿಎನ್‌ಗೆ 'ರಿಮೋಂತೆ ಲ ತಾಂ' ಅನ್ನೋ ಸೈಟ್ ಇದೆ. ಹಳೇ ವಿಮಾನ ಫೋಟೋ ಒಂದು ಕಡೆ, ಇವತ್ತಿನ ನಕ್ಷೆ ಇನ್ನೊಂದು ಕಡೆ ಇಟ್ಟು ಹೋಲಿಸಬಹುದು. 1952ಕ್ಕಿಂತ ಹಿಂದಿನ ಫೋಟೋ ಒಂದು, ಆಮೇಲಿನದು ಒಂದು ತೆರೆಯಿರಿ. ಎರಡನೆಯದರಲ್ಲಿ ಮಾತ್ರ ಕಾಣುವ ಗೆರೆಯೇ ನೀವು ಹುಡುಕುತ್ತಿರುವ ಹೊಸ ರಸ್ತೆ.

ಇನ್ನೊಂದು ಮಾತು. ಹೊಲದ ಬದುಗಳನ್ನು ನೋಡಿ. ರಸ್ತೆ ಕಿತ್ತು ಹಾಕಿದರೂ ಬದು ಬಾಗಿದ ಹಾಗೇ ಉಳಿದಿರುತ್ತದೆ. ನೇರ ಹೊಲಗಳ ನಡುವೆ ಒಂದೇ ಒಂದು ಬದು ಸುಮ್ನೆ ಬಿಲ್ಲಿನ ಹಾಗೆ ಬಾಗಲ್ಲ ಅಲ್ವಾ?

ಸ್ಲಿಪ್‌ಸ್ಟ್ರೀಮ್
ನಾನು ರೀಮ್ಸ್ ನೋಡಿಲ್ಲ, ಬೆಲ್ಜಿಯಂನ ಹಳೇ ಸ್ಪಾ ರೇಸ್ ಸರ್ಕ್ಯೂಟ್ ಸುತ್ತಿದ್ದೇನೆ. ಅಲ್ಲೂ ಇದೇ ಪಾಡು. ಈಗಿನ ಟ್ರ್ಯಾಕ್ 7 ಕಿ.ಮೀ., 1978ರವರೆಗೆ ಬಳಸಿದ್ದು 14. ಈಗ ಲೆ ಕಾಂಬ್‌ನಲ್ಲಿ ಕಾರುಗಳು ಬಲಕ್ಕೆ ತಿರುಗುತ್ತವೆ. ಹಳೇ ದಾರಿ ಅಲ್ಲಿಂದ ಬರ್ನೆನ್‌ವಿಲ್ ಕಡೆ ಇಳಿದು, ಮಾಲ್ಮೆಡಿ ಪಕ್ಕ ಹಾದು, ಮಾಸ್ಟಾ ನೇರದಾರಿ ಹಿಡಿದು ಸ್ಟಾವೆಲೊಗೆ ಹೋಗುತ್ತದೆ. ಅದು ಈಗಲೂ ಜನ ಓಡಾಡುವ ರಸ್ತೆ.

ನನ್ನ ಸಲಹೆ ಏನೆಂದರೆ ಕಾರಿನಲ್ಲಿ ಒಮ್ಮೆ ಹೋಗಿ ಬನ್ನಿ, ಆಮೇಲೆ ಮುಖ್ಯವಾದ ಎರಡು ಮೂರು ಕಡೆ ಇಳಿದು ನಡೆಯಿರಿ. ಮಾಸ್ಟಾದಲ್ಲಿ ಮನೆಗಳ ಮಧ್ಯೆ ಒಂದು ಸಣ್ಣ ಸೊಟ್ಟ ಬರುತ್ತದೆ. ಕಾರಿನಲ್ಲಿ ಕೂತವರಿಗೆ ಅದು ತಿರುವು ಅಂತಲೇ ಅನಿಸಲ್ಲ, ಸ್ಟೀರಿಂಗ್ ಒಂಚೂರು ಅಲುಗಿಸಿದರೆ ಮುಗಿಯಿತು. ನಡೆದುಕೊಂಡು ಬಂದು ಗೋಡೆ ಪಕ್ಕ ನಿಂತಾಗ ಹೊಟ್ಟೆಯೊಳಗೆ ಕಸಿವಿಸಿ ಆಯಿತು. 1966ರಲ್ಲಿ ಮಳೆಯಲ್ಲಿ ರೇಸ್ ಚಾಲಕ ಜಾಕಿ ಸ್ಟೀವರ್ಟ್ ದಾರಿ ತಪ್ಪಿ ಬಿದ್ದದ್ದು ಅಲ್ಲೇ. ಪೆಟ್ರೋಲಿನಲ್ಲಿ ತೋಯ್ದು ಕಾರಿನೊಳಗೆ ಸಿಕ್ಕಿಹಾಕಿಕೊಂಡಿದ್ದ ಅವರನ್ನು ಬಿಡಿಸಿದ್ದು ಜೊತೆ ಚಾಲಕರಾದ ಗ್ರಹಾಂ ಹಿಲ್ ಮತ್ತು ಬಾಬ್ ಬಾಂಡುರಂಟ್, ಅದೂ ಪ್ರೇಕ್ಷಕರೊಬ್ಬರಿಂದ ಸ್ಪ್ಯಾನರ್ ಇಸಿದುಕೊಂಡು. ಆಮೇಲೆ ಸ್ಟೀವರ್ಟ್ ಸುರಕ್ಷತೆಗಾಗಿ ಅಷ್ಟು ಹಟ ಹಿಡಿದಿದ್ದು ಯಾಕೆ ಅಂತ ಆ ಗೋಡೆ ನೋಡಿದರೆ ಗೊತ್ತಾಗುತ್ತದೆ.

ಏರಿಳಿತ
ವಿಮಾನ ಫೋಟೋ ಎಲ್ಲ ಕಡೆ ನಡೆಯಲ್ಲ. ಫ್ರಾನ್ಸಿನದ್ದೇ ರೂಆನ್ ಹತ್ತಿರದ ಲೆಜೆಸ್ಸಾರ್ ಸರ್ಕ್ಯೂಟ್ ಇರೋದು ಕಾಡಿನಲ್ಲಿ. ಮೇಲಿಂದ ನೋಡಿದರೆ ಬರೀ ಮರ. 1999ರಲ್ಲಿ ಪಿಟ್, ಸ್ಟ್ಯಾಂಡ್ ಎಲ್ಲ ಕೆಡವಿದ್ದಾರೆ, ಗುರುತಿಗೆ ಕಟ್ಟಡವೂ ಇಲ್ಲ. ಅಲ್ಲಿ ನನ್ನ ಕೈ ಹಿಡಿದಿದ್ದು ಎತ್ತರದ ನಕ್ಷೆ. ಶುರುವಿನಿಂದ ನೂವೋ ಮೋಂಡ್ ಅನ್ನೋ ಯು ಆಕಾರದ ಹೇರ್‌ಪಿನ್‌ವರೆಗೆ ದಾರಿ ಇಳಿಯುತ್ತಲೇ ಹೋಗುತ್ತದೆ, ಅಲ್ಲಿಂದ ಏರು. ಯಾವ ಕಾಡುರಸ್ತೆ ಅಂತ ಅನುಮಾನ ಬಂದಾಗಲೆಲ್ಲ ಇಳಿಜಾರು ಯಾವ ಕಡೆ ಇದೆ ನೋಡಿದೆ, ಸಾಕಾಯಿತು.

ಮೂರನೇಗೇರ್
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. 1953ರ ದಾರಿಯನ್ನೇ ಹಿಡಿಯುತ್ತೇನೆ. ಗೆರೆ ಎಳೆದು ಅಳೆದೆ, ಮೊದಲ ಸಲ 7.9 ಬಂತು, ಮ್ವಿಜೋಂ ತುದಿ ಬಿಟ್ಟುಬಿಟ್ಟಿದ್ದೆ :) ಪೂರ್ತಿ ನಡೆದೇ ಹೋಗಬಹುದಾ? ಎಂಟು ಕಿಲೋಮೀಟರ್ ತಾನೇ.

ಹಳೇರಸ್ತೆ
ಬೇಡ ಮಾರಾಯ್ರೇ. ಎನ್31 ಅನ್ನೋದು ಲಾರಿಗಳ ದಾರಿ, ಆ ಭಾಗ ಕಾರಿನಲ್ಲೇ ಮುಗಿಸಿ. ಸ್ಟ್ಯಾಂಡ್ ಇರುವ ರಸ್ತೆಯಲ್ಲಿ ಮಾತ್ರ ಇಳಿದು ನಡೆಯಿರಿ. ಒಂದು ಹಳೇ ಫೋಟೋ ಪ್ರಿಂಟ್ ಹಾಕಿಸಿ ಇಟ್ಟುಕೊಳ್ಳಿ, ಬಿಸಿಲಿನಲ್ಲಿ ಫೋನ್ ಪರದೆ ಕಾಣಲ್ಲ. ಮತ್ತೆ ಸುತ್ತು ಹಾಕುವಾಗ ದೊಡ್ಡ ತಿರುವುಗಳು ಬಲಕ್ಕೇ ಬರಬೇಕು, ಗಡಿಯಾರದ ಮುಳ್ಳಿನ ಹಾಗೆ. ಉಲ್ಟಾ ಹೋದರೆ ಹಳೇ ಫೋಟೋ ಯಾವುದೂ ಕಣ್ಣೆದುರಿನ ನೋಟಕ್ಕೆ ಕೂರಲ್ಲ.