ಅಪ್ಪನಿಗೆ ಸ್ಟೆಂಟ್ ಹಾಕಿಸಬೇಕು, ಬಿಪಿಎಲ್ ಕಾರ್ಡ್ ಇದೆ. ಮೊದಲು ಎಲ್ಲಿಗೆ ಹೋಗಬೇಕು?

ಬೈಂದೂರು ಕಡೆಯವರು ನಾವು. ಅಪ್ಪನಿಗೆ ಹಾರ್ಟಿನ ರಕ್ತನಾಳದಲ್ಲಿ ಬ್ಲಾಕ್ ಇದೆಯಂತೆ, ಅದನ್ನು ತೆರೆದಿಡಲು ಸ್ಟೆಂಟ್ ಅಂತ ಸಣ್ಣ ಕೊಳವೆ ಹಾಕಬೇಕಂತೆ. ಇವತ್ತೇ ಆಗಬೇಕೆಂದಿಲ್ಲ, ಆದರೆ ತಡ ಮಾಡಬೇಡಿ ಅಂದಿದ್ದಾರೆ ಡಾಕ್ಟ್ರು. ಖಾಸಗಿಯಲ್ಲಿ ಎರಡು ಲಕ್ಷ ಹೇಳಿದರು. ಅಮ್ಮನ ಬಳೆ ಸೊಸೈಟಿಯಲ್ಲಿ ಅಡ ಇಡುವುದೋ ಅಂತ ಯೋಚನೆ. ಗೊತ್ತಿದ್ದವರು ಹೇಳಿ.

ಉತ್ತರ, ಸುರತ್ಕಲ್‌ನಿಂದ:
ಬಳೆ ಸದ್ಯ ಅಮ್ಮನ ಕೈಯಲ್ಲೇ ಇರಲಿ ಮಾರಾಯ್ರೆ. ಬಿಪಿಎಲ್‌ನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಇಡೀ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ಸೀದಾ ಖಾಸಗಿಗೆ ಹೋಗಬೇಡಿ, ನಾನು ಮಾಡಿದ ತಪ್ಪೇ ಅದು. ಮಾವನನ್ನು ಅಡ್ಮಿಟ್ ಮಾಡಿ, ಅಡ್ವಾನ್ಸ್ ಕಟ್ಟಿ, ಮೂರನೇ ದಿನ ಕಾರ್ಡ್ ತೋರಿಸಿದರೆ ಕೌಂಟರಿನ ಹುಡುಗಿ ‘ರೆಫರಲ್ ಎಲ್ಲಿ?’ ಅಂತ ಕೇಳಿದಳು. ನನಗೆ ಆ ಶಬ್ದವೇ ಹೊಸತು! ಸರಕಾರಿ ಆಸ್ಪತ್ರೆಯವರು ಬೇರೆ ಆಸ್ಪತ್ರೆಗೆ ಬರೆದುಕೊಡುವ ಚೀಟಿ ಅದು. ಎಮರ್ಜೆನ್ಸಿ ಆದರೆ ಚೀಟಿ ಬೇಡ, ನಿಮ್ಮಂಥ ಕೇಸಿಗೆ ಬೇಕು. ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ ಎಲ್ಲ ರಿಪೋರ್ಟ್ ತೆಗೆದುಕೊಂಡು ಹೋಗಿ, ಅಲ್ಲಿ ಆಗದ ಚಿಕಿತ್ಸೆಗೆ ಬೇರೆ ಕಡೆಗೆ ಬರೆದುಕೊಡುತ್ತಾರೆ. ಆಧಾರ್, ರೇಶನ್ ಕಾರ್ಡ್ ನಾಲ್ಕು ನಾಲ್ಕು ಝೆರಾಕ್ಸ್ ಇರಲಿ. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರ ಅಂತ ಒಬ್ಬರು ಇರುತ್ತಾರೆ, ಮೊದಲು ಅವರನ್ನು ಹಿಡಿಯಿರಿ.

ಉತ್ತರ, ಕಾರ್ಕಳದಿಂದ:
ನಮ್ಮದು ಎಪಿಎಲ್. ನಮಗೆ ಈ ಯೋಜನೆಯಲ್ಲಿ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾದ ದರದ, 30 ಶೇಕಡ ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷ ಮೀರುವಂತಿಲ್ಲ. ಉಳಿದದ್ದಕ್ಕೆ ಸಾಲವೇ. ಒಂದು ವಿಷಯ ಮಾತ್ರ ನೆನಪಿಡಿ, 2017ರ ಫೆಬ್ರವರಿಯಿಂದ ಸ್ಟೆಂಟಿಗೆ ಸರಕಾರವೇ ಗರಿಷ್ಠ ದರ ನಿಗದಿ ಮಾಡಿದೆ. ಕೈಯಿಂದ ಕೊಡುವುದಾದರೆ ಬಿಲ್ಲಿನಲ್ಲಿ ಸ್ಟೆಂಟಿನ ಕಂಪನಿ, ದರ ಬೇರೆಯಾಗಿ ಬರೆಸಿಕೊಳ್ಳಿ. ನಮ್ಮ ಮೊದಲ ಬಿಲ್ಲಿನಲ್ಲಿ ಎಲ್ಲ ಸೇರಿಸಿ ಒಂದೇ ಸಾಲು ಇತ್ತು, ಕೇಳಿದ ಮೇಲೆ ಬಿಡಿಸಿ ಕೊಟ್ಟರು. ಆಮೇಲಿನ ಮಾತ್ರೆಗಳಿಗೆ ಜನೌಷಧಿಯಲ್ಲಿ ವಿಚಾರಿಸಿ, ನಮಗೆ ತುಂಬ ಕಡಿಮೆಗೆ ಸಿಕ್ಕಿತು.

ಉತ್ತರ, ಮಂಗಳೂರಿನಿಂದ:
ದಾರಿ ಎಲ್ಲ ಸರಿ, ಆದರೆ ನನಗೆ ಸಿಟ್ಟು ಬರುವುದು ಇಲ್ಲೇ. ನಮ್ಮಲ್ಲಿ ಬಸ್ಸಿನಲ್ಲಿ ಕೂತರೆ ಎರಡು ಸ್ಟಾಪಿಗೊಂದು ದೊಡ್ಡ ಆಸ್ಪತ್ರೆ, ಖಾಸಗಿ ಮೆಡಿಕಲ್ ಕಾಲೇಜುಗಳಂತೂ ಸಾಲು ಸಾಲು. ಆದರೂ ಬಡವರಿಗೆ ಸರಕಾರಿ ವೆನ್ಲಾಕ್ ಆಸ್ಪತ್ರೆಯೇ ಗತಿ. 1848ರಲ್ಲಿ ಶುರುವಾದ ಆಸ್ಪತ್ರೆ ಅದು, ನನ್ನ ಅಜ್ಜಿಯೂ ಅಲ್ಲೇ ಗುಣವಾದವಳು, ದೂರುವುದಿಲ್ಲ. ಬೇಜಾರು ಅಂದರೆ, ಯಾವ ಕೌಂಟರಿಗೆ ಮೊದಲು ಹೋಗಬೇಕು ಅಂತ ಗೊತ್ತಿದ್ದವನಿಗೆ ಪುಕ್ಕಟೆ, ಗೊತ್ತಿಲ್ಲದವನಿಗೆ ಎರಡು ಲಕ್ಷ. ಬಿಪಿಎಲ್–ಎಪಿಎಲ್ ಅಂತ ರೇಶನ್ ಕಾರ್ಡ್ ನೋಡಿ ಹಾರ್ಟಿಗೆ ಬ್ಲಾಕ್ ಬರುತ್ತದಾ? ರಾಜ್ಯದಲ್ಲಿ ಎಲ್ಲರಿಗೂ ಒಂದೇ ಕಾರ್ಡ್ ಸಾಕು. ರೆಫರಲ್ ಬೇಕೇ ಬೇಕು ಅಂದರೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಡಲಿ, ಕಾಯಿಲೆಯವರನ್ನು ಸುಮ್ನೆ ಅಲೆಸುವುದು ಯಾಕೆ? ಮುಂದಿನ ಗ್ರಾಮಸಭೆಯಲ್ಲಿ ನಾನು ಇದನ್ನೇ ಕೇಳುವವನು, ನಿಮ್ಮಲ್ಲೂ ಕೇಳಿ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ ಆಯ್ತು. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಉಡುಪಿಗೆ ಹೊರಡುತ್ತೇವೆ. ಒಂದೇ ಸಂಶಯ. ರೇಶನ್ ಕಾರ್ಡಿನಲ್ಲಿ ಅಪ್ಪನ ಹೆಸರಿನ ಜೊತೆ ‘ಪೂಜಾರಿ’ ಅಂತ ಇದೆ, ಆಧಾರಿನಲ್ಲಿ ಇಲ್ಲ. ತೊಂದರೆ ಆಗುತ್ತದಾ?