ಗಾಳಿಯಲ್ಲಿ ಇಂಗಾಲ ಹೆಚ್ಚಿದರೆ ಭತ್ತದ ಇಳುವರಿಯೂ ಹೆಚ್ಚಬೇಕಲ್ಲವೇ?

ಪ್ರಶ್ನೆ: ನಮಸ್ಕಾರ ಮೇಡಂ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನಮ್ಮದು ಆರು ಎಕರೆ ಭತ್ತದ ಗದ್ದೆ. ಇಂಗಾಲದ ಡೈಆಕ್ಸೈಡ್ ಗಿಡಗಳಿಗೆ ಆಹಾರವೆಂದು ಶಾಲೆಯಲ್ಲಿ ಓದಿದ್ದೇವೆ. ಅದು ಗಾಳಿಯಲ್ಲಿ ಹೆಚ್ಚುತ್ತಿದ್ದರೆ ನಮಗೆ ಲಾಭವೇ ಆಗಬೇಕಲ್ಲವೇ? ಕಳೆದ ಬೇಸಿಗೆ ಬೆಳೆಯಲ್ಲಿ ಪೈರು ಹುಲುಸಾಗಿಯೇ ಬಂದಿತ್ತು, ಆದರೆ ತೆನೆಯಲ್ಲಿ ಕಾಲು ಭಾಗ ಜೊಳ್ಳಾಯಿತು. ಗೊಬ್ಬರದಂಗಡಿಯವರು ಪೋಷಕಾಂಶದ ಕೊರತೆಯೆಂದು ಎರಡು ಬಾರಿ ಸಿಂಪಡಣೆ ಮಾಡಿಸಿದರೂ ಪ್ರಯೋಜನವಾಗಲಿಲ್ಲ.

ಉತ್ತರ: ನಮಸ್ಕಾರ. ನೀವು ಶಾಲೆಯಲ್ಲಿ ಓದಿದ್ದು ಸುಳ್ಳಲ್ಲ. ಎಲೆಯೊಳಗೆ ಇಂಗಾಲವನ್ನು ಹಿಡಿಯುವ ರುಬಿಸ್ಕೊ ಎಂಬ ಕಿಣ್ವಕ್ಕೆ ಒಂದು ದೌರ್ಬಲ್ಯವಿದೆ: ಅದು ಆಗಾಗ ಇಂಗಾಲದ ಡೈಆಕ್ಸೈಡ್ ಬದಲು ಆಮ್ಲಜನಕವನ್ನು ಹಿಡಿದುಬಿಡುತ್ತದೆ, ಹಾಗಾದಾಗಲೆಲ್ಲ ಗಿಡ ದುಡಿದದ್ದರಲ್ಲಿ ಒಂದು ಪಾಲು ಸೋರಿಹೋಗುತ್ತದೆ. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳತೆ ಆರಂಭಿಸಿದಾಗ ಗಾಳಿಯಲ್ಲಿ ಸುಮಾರು 315 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 315 ಪಾಲು) ಇದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿರುವುದರಿಂದ ಈ ಸೋರಿಕೆ ಕಡಿಮೆಯಾಗುತ್ತದೆ. ಭತ್ತ, ಗೋಧಿ, ಶೇಂಗಾ, ತೊಗರಿ, ಹತ್ತಿಗಳಿಗೆ ಅಷ್ಟರಮಟ್ಟಿಗೆ ಲಾಭವೇ. ಜಪಾನಿನ ಶಿಜುಕುಇಶಿಯಲ್ಲಿ 1998ರಿಂದ ಬಯಲು ಗದ್ದೆಯ ಸುತ್ತ ಕೊಳವೆ ಹಾಕಿ ಸುಮಾರು 200 ಪಿಪಿಎಂ ಹೆಚ್ಚುವರಿ ಇಂಗಾಲದ ಡೈಆಕ್ಸೈಡ್ ಹಾಯಿಸಿ ನೋಡಿದಾಗ ಭತ್ತದ ಇಳುವರಿ ಶೇ 7ರಿಂದ 15ರಷ್ಟು ಹೆಚ್ಚಿತು. ಸಾರಜನಕ ಕಡಿಮೆ ಕೊಟ್ಟ ಮಡಿಗಳಲ್ಲಿ ಆ ಲಾಭವೂ ಕಡಿಮೆಯೇ ಇತ್ತು.

ಆದರೆ ನಿಮ್ಮ ಗದ್ದೆಯಲ್ಲಿ ಕೈಕೊಟ್ಟದ್ದು ಎಲೆಯಲ್ಲ, ಹೂವು. ಭತ್ತದ ಹೂವು ಬೆಳಗಿನ ಹೊತ್ತು, ಒಂದು ಗಂಟೆಯಷ್ಟೇ ಸಿಪ್ಪೆ ತೆರೆದು ನಿಲ್ಲುತ್ತದೆ. ಆ ಒಂದು ಗಂಟೆಯಲ್ಲಿ ತೆನೆಯ ಮಟ್ಟದ ಉಷ್ಣತೆ 35 ಡಿಗ್ರಿ ಮೀರಿದರೆ ಪರಾಗಕೋಶ ಸರಿಯಾಗಿ ಬಿರಿಯುವುದಿಲ್ಲ, ಕಾಳು ಕಟ್ಟುವುದಿಲ್ಲ; ಮುಂದೆ ಏನು ಸಿಂಪಡಿಸಿದರೂ ಆ ಸಿಪ್ಪೆ ತುಂಬುವುದಿಲ್ಲ. ಇನ್ನೊಂದು ವಿಪರ್ಯಾಸವೂ ಇದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ ಎಲೆಯ ಪತ್ರರಂಧ್ರಗಳು ಕಿರಿದಾಗಿ ನೀರು ಉಳಿಯುತ್ತದೆ ನಿಜ, ಆದರೆ ನೀರು ಆವಿಯಾದಾಗಲೇ ಪೈರು ತಂಪಾಗುವುದರಿಂದ, ಉಳಿಸಿದ ನೀರಿನ ಬೆಲೆಯನ್ನು ಅದು ಬಿಸಿಯೇರಿ ತೆರಬೇಕಾಗುತ್ತದೆ.

ಹಗಲಿಗಿಂತ ಇರುಳಿನ ಸೆಕೆ ನನಗೆ ಹೆಚ್ಚು ಆತಂಕ ತರುತ್ತದೆ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ತನ್ನ ಗದ್ದೆಗಳ 1992ರಿಂದ 2003ರವರೆಗಿನ ಲೆಕ್ಕ ತೆಗೆದಾಗ, ಒಣ ಹಂಗಾಮಿನಲ್ಲಿ ರಾತ್ರಿಯ ಕನಿಷ್ಠ ಉಷ್ಣತೆ ಒಂದು ಡಿಗ್ರಿ ಏರಿದರೆ ಇಳುವರಿ ಸುಮಾರು ಶೇ 10ರಷ್ಟು ಇಳಿದದ್ದು ಕಂಡಿತು.

ಪ್ರಶ್ನೆ (ಕೋಲಾರ ಕಡೆಯ ಸದಸ್ಯರಿಂದ): ನಮ್ಮದು ಮಳೆಯಾಶ್ರಿತ ರಾಗಿ. ನಮಗೂ ಇದೇ ಲೆಕ್ಕವೇ?

ಉತ್ತರ: ಇಲ್ಲ. ರಾಗಿ, ಜೋಳ, ಸಜ್ಜೆ, ಮೆಕ್ಕೆಜೋಳ, ಕಬ್ಬು ಇವು ಸಿ4 ಗುಂಪಿನ ಬೆಳೆಗಳು. ಇಂಗಾಲದ ಡೈಆಕ್ಸೈಡನ್ನು ತಮ್ಮೊಳಗೇ ಒತ್ತಿ ಸಾಂದ್ರಗೊಳಿಸಿ ರುಬಿಸ್ಕೊಗೆ ಉಣಿಸುವ ಏರ್ಪಾಡು ಇವುಗಳಲ್ಲಿ ಮೊದಲೇ ಇರುವುದರಿಂದ, ಹೊರಗಿನ ಗಾಳಿಯಲ್ಲಿ ಅದು ಎಷ್ಟು ಹೆಚ್ಚಿದರೂ ನೇರ ಲಾಭ ಅತ್ಯಲ್ಪ. ಮಳೆ ಕೈಕೊಟ್ಟ ದಿನಗಳಲ್ಲಿ ಮಾತ್ರ, ಪತ್ರರಂಧ್ರ ಕಿರಿದಾಗಿ ಮಣ್ಣಿನ ತೇವ ಕೆಲವು ದಿನ ಹೆಚ್ಚು ಬರುವುದರಿಂದ, ರಾಗಿ ಸ್ವಲ್ಪ ತಾಳಿಕೊಳ್ಳುತ್ತದೆ. ಹೊಲದಲ್ಲಿರುವ ಕಳೆಗಳಲ್ಲಿ ಭತ್ತದಂತೆ ಈ ಏರ್ಪಾಡಿಲ್ಲದವು ಅನೇಕ. ಅವು ಈ ಇಂಗಾಲವನ್ನು ಚೆನ್ನಾಗಿಯೇ ಉಣ್ಣುತ್ತವೆ, ಆದ್ದರಿಂದ ಕುಂಟೆ ಹೊಡೆಯುವುದನ್ನು ಮುಂದೂಡಬೇಡಿ. ಆದರೂ ಬಿಸಿಲು ತಡೆಯುವ ಶಕ್ತಿಯಲ್ಲಿ ಭತ್ತಕ್ಕಿಂತ ರಾಗಿಯ ಮೇಲೆಯೇ ನನಗೆ ಭರವಸೆ.

ಪ್ರಶ್ನೆ: ಕಾಳಿನ ಸತ್ವವೂ ಕಡಿಮೆಯಾಗುತ್ತದೆ ಎನ್ನುತ್ತಾರಲ್ಲ?

ಉತ್ತರ: ಹೌದು. 2014ರಲ್ಲಿ ಪ್ರಕಟವಾದ, ಹಲವು ದೇಶಗಳ ಬಯಲು ಪ್ರಯೋಗಗಳನ್ನು ಒಟ್ಟುಗೂಡಿಸಿದ ಅಧ್ಯಯನದಲ್ಲಿ, ಸುಮಾರು 550 ಪಿಪಿಎಂ ಮಟ್ಟದಲ್ಲಿ ಬೆಳೆದ ಗೋಧಿಯಲ್ಲಿ ಸತುವು ಶೇ 9ರಷ್ಟು, ಭತ್ತದಲ್ಲಿ ಪ್ರೋಟೀನ್ ಶೇ 8ರಷ್ಟು ಕಡಿಮೆಯಾಗಿತ್ತು. ಬೇರುಗಂಟುಗಳಲ್ಲಿ ತಾವೇ ಸಾರಜನಕ ದಕ್ಕಿಸಿಕೊಳ್ಳುವ ದ್ವಿದಳ ಬೆಳೆಗಳಲ್ಲಿ ಪ್ರೋಟೀನ್ ಅಷ್ಟಾಗಿ ಇಳಿಯಲಿಲ್ಲ.

ಪ್ರಶ್ನೆ (ಮೊದಲು ಕೇಳಿದವರಿಂದ): ಹಾಗಾದರೆ ಬರುವ ಬೇಸಿಗೆಗೆ ನಾನು ಏನು ಮಾಡಲಿ?

ಉತ್ತರ: ನಾಟಿಯ ದಿನದಿಂದ ಮುಂದಕ್ಕೆ ಎಣಿಸುವ ಬದಲು ಹೂಬಿಡುವ ದಿನದಿಂದ ಹಿಂದಕ್ಕೆ ಎಣಿಸಿ. ಭತ್ತ ಕೊಯ್ಲಿಗೆ ಸುಮಾರು 30 ದಿನ ಮೊದಲು ಹೂಬಿಡುತ್ತದೆ. ಎಂದರೆ 125 ದಿನದ ತಳಿ ಬಿತ್ತಿದ 95ನೇ ದಿನದ ಆಸುಪಾಸಿನಲ್ಲಿ. ಮಾರ್ಚ್ ಮಧ್ಯದೊಳಗೆ ಹೂ ಮುಗಿಯಬೇಕೆಂದರೆ ಸಸಿಮಡಿಗೆ ಬೀಜ ಡಿಸೆಂಬರ್ ಮೊದಲ ವಾರದಲ್ಲೇ ಬೀಳಬೇಕು, ಚಳಿಗೆ ಸಸಿ ನಿಧಾನವಾಗುವುದರಿಂದ ಇನ್ನೂ ಕೆಲವು ದಿನ ಕೈಯಲ್ಲಿಟ್ಟುಕೊಳ್ಳಬೇಕು. ಮುಂಗಾರಿನ ಕೊಯ್ಲು ತಡವಾಗಿ ಅದು ಸಾಧ್ಯವಾಗದಿದ್ದರೆ ಹತ್ತಿಪ್ಪತ್ತು ದಿನ ಮೊದಲೇ ಮಾಗುವ ತಳಿ ಆರಿಸಿಕೊಳ್ಳಿ. ಹೂಬಿಡುವ ವಾರ ಗದ್ದೆಯಲ್ಲಿ ನೀರು ನಿಂತಿರಲಿ. ಆದ್ದರಿಂದ ಬೀಜ ನೆನೆಸುವ ಮೊದಲು, ಆ ವಾರ ನಿಮ್ಮ ತೂಬಿಗೆ ಕಾಲುವೆ ನೀರಿನ ಸರದಿ ಇದೆಯೇ ಎಂದು ವಿಚಾರಿಸಿಕೊಳ್ಳಿ.